ಪ್ರಶ್ನೆ ಬದಲಿಸಿದ ಮೇಲೆ ಶಾಸಕರು ಮಾತಾಡಿದರು

"ಸಾರ್, ಪ್ರಜಾಪ್ರಭುತ್ವ ಅಂದ್ರೆ ನಿಮಗೇನು?"

ಒಂದು ಅಧ್ಯಯನಕ್ಕಾಗಿ ಶಾಸಕರನ್ನು ಮಾತಾಡಿಸಲು ಹೊರಟಾಗ ನಾನು ಮೊದಲು ಕೇಳುತ್ತಿದ್ದದ್ದು ಇದನ್ನೇ. ಅನುಭವ ಮಂಟಪದಿಂದ ಅಂಬೇಡ್ಕರ್ ತನಕ ಭಾಷಣ ಬರುತ್ತಿತ್ತು. ಅದರಲ್ಲಿ ತಪ್ಪೇನಿಲ್ಲ. ಆದರೆ ಎಲ್ಲರದೂ ಒಂದೇ ಥರ ಇದ್ದರೆ ಯಾರ ಮನಸ್ಸಲ್ಲಿ ಏನಿದೆ ಅಂತ ತಿಳಿಯುವುದು ಹೇಗೆ?

ಆ ಪ್ರಶ್ನೆ ಬಿಟ್ಟೆ. ರೆಕಾರ್ಡರ್ ಕೂಡ ಬಿಟ್ಟೆ. ಹೆಸರು ಬರೆಯಲ್ಲ ಅಂತ ಮಾತು ಕೊಟ್ಟು, ಬೆಳಗ್ಗೆ ಏಳಕ್ಕೇ ಅವರ ಮನೆಗೆ ಹೋಗಿ ಜನರ ಜೊತೆ ಕೂರತೊಡಗಿದೆ. ವರ್ಗಾವಣೆ, ಬೋರ್‌ವೆಲ್, ಆಸ್ಪತ್ರೆ ಬಿಲ್, ಲಗ್ನಪತ್ರಿಕೆ. ಒಂದು ದಿನ ಒಬ್ಬ ಅಜ್ಜಿ ಪ್ಲಾಸ್ಟಿಕ್ ಕವರ್‌ನಿಂದ ಪಾಸ್‌ಬುಕ್ ತೆಗೆದು, "ಮೂರು ತಿಂಗಳಿಂದ ಪಿಂಚಣಿ ಬಂದಿಲ್ಲ ಕಣಪ್ಪಾ, ನಿಂಗೇ ಓಟು ಹಾಕಿದ್ದು" ಅಂದರು. ಶಾಸಕರು ತಿಂಡಿ ತಟ್ಟೆ ಬದಿಗಿಟ್ಟು ತಹಸೀಲ್ದಾರರಿಗೆ ಫೋನ್ ಮಾಡಿದರು.

ಆಮೇಲೆ ಕಾರಿನಲ್ಲಿ ಕೇಳಿದೆ: "ಶಾಸಕ ಆಗಿದ್ದು ಸಾರ್ಥಕ ಅಂತ ಯಾವತ್ತು ಅನಿಸಿತು?" ಈ ಪ್ರಶ್ನೆಗೆ ಅವರಷ್ಟೇ ಅಲ್ಲ, ಎಲ್ಲರೂ ಮನಸ್ಸು ಬಿಚ್ಚಿದರು. ಸೇತುವೆ, ಹಾಸ್ಟೆಲ್, ಯಾರದೋ ಆಪರೇಷನ್. ಸದನದ ಮಾತು ತೆಗೆದವರು ತೀರಾ ಕಡಿಮೆ.

ಪಕ್ಷದ ನಿಲುವು ಒಪ್ಪದಿದ್ದಾಗ ಏನು ಮಾಡಿದಿರಿ ಅಂತ ಕೇಳಿದರೆ ಮಾತ್ರ ಮೌನ. 1985ರಲ್ಲಿ ಸಂವಿಧಾನಕ್ಕೆ ಹತ್ತನೇ ಅನುಸೂಚಿ, ಅಂದರೆ ಪಕ್ಷಾಂತರ ನಿಷೇಧದ ಕಾನೂನು, ಸೇರಿದ ಮೇಲೆ, ವಿಪ್ (ಹೀಗೇ ಮತ ಹಾಕಬೇಕು ಅನ್ನುವ ಪಕ್ಷದ ಆದೇಶ) ಮೀರಿ ಮತ ಹಾಕಿದರೆ, ಪಕ್ಷ 15 ದಿನದೊಳಗೆ ಮನ್ನಿಸದಿದ್ದರೆ, ಸದಸ್ಯತ್ವಕ್ಕೇ ಕುತ್ತು. "ಪಕ್ಷದ ಸಭೇಲಿ ಜಗಳ ಆಡ್ತೀನಿ, ಸದನದಲ್ಲಿ ಕೈ ಎತ್ತುತ್ತೀನಿ" ಅಂದರು ಒಬ್ಬ ಹಿರಿಯರು. ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ.

ಬಾಗಿಲಿಗೆ ಬಂದವರಿಗೆ ಉತ್ತರ ಕೊಡುವುದೂ ಪ್ರಜಾಪ್ರಭುತ್ವವೇ. ಅದನ್ನು ಕೀಳಾಗಿ ನೋಡಲು ನನ್ನಿಂದ ಆಗಲ್ಲ. ಆದರೆ ಶಾಸಕರು ಫೋನ್ ಮಾಡದೆಯೂ ಆ ಅಜ್ಜಿಗೆ ಪಿಂಚಣಿ ಬರಬೇಕು, ಅಲ್ವಾ? 224 ಜನರ ಸದನ ಇರುವುದು ಅದಕ್ಕೇ.

ಇವೆರಡನ್ನೂ ಜೋಡಿಸಿದ್ದವರು ಮೊದಲ ಸಲ ಗೆದ್ದಿದ್ದ ಒಬ್ಬರು. ಬಂದ ಅರ್ಜಿಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ವಿಂಗಡಿಸಿದ್ದರು. 'ಪಿಂಚಣಿ' ಅಂತ ಬರೆದ ಕಡೆ ಐದೈದರ ಕಟ್ಟಿನಲ್ಲಿ ಪೆನ್ಸಿಲ್ ಗೆರೆ, ಪುಟದ ಕೊನೇವರೆಗೂ. "ಒಂದೇ ತೊಂದರೆ ಮತ್ತೆ ಮತ್ತೆ ಬಂದ್ರೆ ಚುಕ್ಕೆ ಗುರುತಿನ ಪ್ರಶ್ನೆ ಹಾಕ್ತೀನಿ. ಮಂತ್ರಿಗಳು ಸದನದಲ್ಲೇ ಬಾಯಿಬಿಟ್ಟು ಉತ್ತರ ಕೊಡ್ಬೇಕು, ನಾನು ಮರುಪ್ರಶ್ನೆ ಕೇಳಬಹುದು" ಅಂದರು.

ಅಂದಿನಿಂದ ಯಾವ ಶಾಸಕರ ಹತ್ತಿರ ಹೋದರೂ ನನ್ನ ಮೊದಲ ಪ್ರಶ್ನೆ ಒಂದೇ: ಬಂದ ಅರ್ಜಿಗಳನ್ನು ಎಲ್ಲಿ ಬರೆದಿಡುತ್ತೀರಿ?