ಅಂಗಳದ ನೀಲಿ ಟೊರೇನಿಯಾ: ನನ್ನ ಅನುಭವ

ತವರಿನಿಂದ ಹೊರಡುವಾಗ ಅತ್ತಿಗೆ ಒಂದು ಚಿಟಿಕೆ ಬೀಜವನ್ನು ಕಾಗದದಲ್ಲಿ ಕಟ್ಟಿಕೊಟ್ಟಿದ್ದರು. "ಟೊರೇನಿಯಾ, ನೀಲಿ ಹೂವಿನದ್ದು. ಜಾಗ್ರತೆ ಮಾರಾಯ್ತಿ, ಸೀನಿದರೆ ಹಾರಿ ಹೋಗ್ತದೆ" ಎಂದಿದ್ದರು. ಕಾಸರಗೋಡು ಜಿಲ್ಲೆಯ ಬದಿಯಡ್ಕದ ನಮ್ಮ ಮನೆಗೆ ಬಂದು ಪೊಟ್ಟಣ ಬಿಚ್ಚಿದರೆ ನಶ್ಯದಂಥ ಪುಡಿ. ಅಲಸಂಡೆ ಬೀಜ ಹಾಕಿದ ಹಾಗೆಯೇ ಅದನ್ನೂ ಹಾಕಿದೆ. ಸುಡುಮಣ್ಣಿಗೆ ಸೆಗಣಿಪುಡಿ ಬೆರೆಸಿ, ಬೀಜದ ಮೇಲೆ ಬೆರಳು ದಪ್ಪ ಮಣ್ಣು ಮುಚ್ಚಿದೆ. 20 ದಿನ ಕಾದರೂ ಒಂದೂ ಹುಟ್ಟಲಿಲ್ಲ. ಬೇಸರವಾಗಿ ಕುಂಡದ ಮಣ್ಣನ್ನು ಕಟ್ಟೆಯ ಬದಿಗೆ ಸುರಿದುಬಿಟ್ಟೆ. ಜುಲೈ-ಆಗಸ್ಟಿನ ಆಟಿ ತಿಂಗಳಲ್ಲಿ ನೋಡಿದರೆ ಮುರಕಲ್ಲಿನ (ಜಂಬಿಟ್ಟಿಗೆಯ) ಸಂದುಗಳಲ್ಲಿ, ಹಾವಸೆ ಹಿಡಿದ ಕಡೆಗಳಲ್ಲೆಲ್ಲ ಎಳೆ ಗಿಡಗಳು ಸಾಲು ಹಿಡಿದಿದ್ದವು.

ಹೇಗೆ ಬಿತ್ತಬೇಕು ಎಂದು ನನಗೆ ಕಲಿಸಿದ್ದು ಆ ಕಟ್ಟೆಯೇ. ಈ ಬೀಜ ಮೊಳೆಯಲು ಬೆಳಕು ಬೇಕು, ಮಣ್ಣಿನೊಳಗೆ ಹೂತರೆ ಏಳುವುದಿಲ್ಲ. ಈಗ ನಾನು ಬೀಜಕ್ಕೆ ಒಂದು ಹಿಡಿ ನಯವಾದ ಹೊಯ್ಗೆ ಬೆರೆಸಿ, ಒದ್ದೆ ಮಣ್ಣಿನ ಮೇಲೆ ಉದುರಿಸಿ, ಅಂಗೈಯಿಂದ ಮೆಲ್ಲ ಒತ್ತಿ ಬಿಡುತ್ತೇನೆ. ಮೇಲಿಂದ ನೀರು ಹೊಯ್ಯುವುದಿಲ್ಲ. ಕುಂಡವನ್ನು ನೀರು ತುಂಬಿದ ಅಡಕೆ ಹಾಳೆಯಲ್ಲಿಟ್ಟರೆ ಅದು ಅಡಿಯಿಂದಲೇ ಹೀರಿಕೊಳ್ಳುತ್ತದೆ. ಮಾಡಿನ ಇಳಿನೀರು ಬೀಳುವಲ್ಲಿ ಮಾತ್ರ ಇಡಬಾರದು, ಒಂದೇ ಮಳೆಗೆ ಬೀಜವೆಲ್ಲ ತೊಳೆದು ಹೋಗುತ್ತದೆ. ಎರಡು ವಾರದೊಳಗೆ ಹಸಿರು ಚುಕ್ಕೆಗಳು ಕಾಣುತ್ತವೆ. ಆಗ ಬಸವನಹುಳುವಿನ ಕಾಟ ಶುರು, ಸುತ್ತ ಒಣ ಬೂದಿ ಹಾಕುತ್ತೇನೆ. ಮಳೆಗೆ ಬೂದಿ ನಿಲ್ಲದು, ರಾತ್ರಿ ಟಾರ್ಚ್ ಹಿಡಿದು ಹೆಕ್ಕುವುದೇ ಹೆಚ್ಚು ಉಪಕಾರ.

ಗಿಡ ಒಂದಡಿ ದಾಟುವುದು ಅಪರೂಪ. ದಂಟನ್ನು ಬೆರಳ ನಡುವೆ ಹೊರಳಿಸಿದರೆ ನಾಲ್ಕು ಮೂಲೆ ತಿಳಿಯುತ್ತದೆ. ಎಲೆಗಳು ಎದುರುಬದುರು, ಅಂಚು ಗರಗಸ. ಹೂವಿನ ಮೇಲ್ದುಟಿ ತಿಳಿನೀಲಿ, ಕೆಳಗಿನ ಮೂರು ಎಸಳುಗಳು ಕಡುನೀಲಿ, ನಡುವಿನ ಎಸಳಿನ ಮೇಲೆ ಅರಸಿನದ ಒಂದು ಬೊಟ್ಟು. ಒಳಗೆ ಎರಡು ಕೇಸರಗಳು ಬಾಗಿ ಬಂದು ಮೇಲೆ ತಲೆಗೆ ತಲೆ ತಾಗಿಸಿ ನಿಂತಿರುತ್ತವೆ, ಕಮಾನು ಕಟ್ಟಿದ ಹಾಗೆ. ಅವುಗಳ ಮೇಲೆ ಪರಾಗ ಹಿಡಿಯುವ ತುದಿಯಾದ ಶಲಾಕಾಗ್ರ, ಎರಡು ತೆಳ್ಳಗಿನ ತುಟಿಗಳಾಗಿ ತೆರೆದಿರುತ್ತದೆ. ಒಂದು ಬೆಳಿಗ್ಗೆ ಗರಿಕೆಯ ತುದಿಯಿಂದ ಅದನ್ನು ಮುಟ್ಟಿದೆ. ನೋಡುತ್ತಿದ್ದಂತೆ ತುಟಿಗಳು ಮುಚ್ಚಿಕೊಂಡವು! ನಾಚಿಕೆಮುಳ್ಳು ಎಲೆ ಮಡಚುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ, ಹೂವಿನೊಳಗೆ ಹಾಗಾಗುವುದನ್ನು ಕಂಡದ್ದು ಅದೇ ಮೊದಲು. ಪರಾಗ ಸಿಗದಿದ್ದರೆ ಸ್ವಲ್ಪ ಹೊತ್ತಿನಲ್ಲಿ ಮತ್ತೆ ತೆರೆಯುತ್ತದೆ. ಪರಾಗ ಹೊತ್ತು ತಂದ ನೊಣ ತಾಗಿದರೆ ಪರಾಗವನ್ನು ಹಿಡಿದಿಟ್ಟುಕೊಳ್ಳುತ್ತದೆ.

ಈ ಹೂವಿನ ಇನ್ನೊಂದು ಗುಟ್ಟು ಬರಿಗಣ್ಣಿಗೆ ಕಾಣುವಂಥದ್ದಲ್ಲ. ಹೆಚ್ಚಿನ ಗಿಡಗಳಲ್ಲಿ ಅಂಡಕೋಶವಿರುವ ಭ್ರೂಣಚೀಲ, ಮುಂದೆ ಬೀಜವಾಗುವ ಅಂಡಕದೊಳಗೆ ಮುಚ್ಚಿಕೊಂಡಿರುತ್ತದೆ, ಟೊರೇನಿಯಾದಲ್ಲಿ ಅದರ ತುದಿ ಹೊರಗೆ ಚಾಚಿರುತ್ತದೆ. ಪರಾಗದಿಂದ ಮೊಳೆತು ಅಂಡಕದತ್ತ ಬೆಳೆಯುವ ಪರಾಗನಳಿಕೆ ದಾರಿ ಕಂಡುಕೊಳ್ಳುವುದು ಹೇಗೆ ಎಂಬುದನ್ನು ಜಪಾನಿನ ಹಿಗಾಶಿಯಾಮಾ ಮತ್ತು ಸಂಗಡಿಗರು ಹುಡುಕಿದ್ದು ಇದೇ ಗಿಡವನ್ನಿಟ್ಟುಕೊಂಡು. ಅಂಡಕೋಶದ ಪಕ್ಕದ ಎರಡು ಸಹಾಯಕ ಕೋಶಗಳು ನಳಿಕೆಯನ್ನು ಕರೆಯುತ್ತವೆ ಎಂದು 2001ರಲ್ಲಿ ತೋರಿಸಿದರು, ಕರೆಯುವ ಪ್ರೋಟೀನುಗಳನ್ನು 2009ರಲ್ಲಿ ಗುರುತಿಸಿದರು. ಇದನ್ನು ತಿಳಿದ ಮೇಲೆ ಕಟ್ಟೆಯ ಮೇಲಿನ ಗಿಡದ ಬಗ್ಗೆ ನನಗೆ ಗೌರವ ಹೆಚ್ಚಿತು.

ಈ ಗಿಡದ ಊರು ವಿಯೆಟ್ನಾಂ, ಲಾವೋಸ್, ಕಾಂಬೋಡಿಯಾ, ಥಾಯ್ಲೆಂಡ್‌ಗಳ ಕಡೆ. ಹೆಸರು ಮಾತ್ರ ಸ್ವೀಡನ್ನಿನಿಂದ ಬಂದದ್ದು. 1750ರಲ್ಲಿ ಹಡಗಿನ ಪಾದ್ರಿಯಾಗಿ ಹೊರಟು ಸೂರತ್ ಮತ್ತು ಚೀನಾ ಕಂಡುಬಂದ ಊಲೋಫ್ ತೊರೇನ್‌ನ ನೆನಪಿಗೆ ಲಿನೇಯಸ್ 1753ರಲ್ಲಿ ಈ ಕುಲಕ್ಕೆ ಟೊರೇನಿಯಾ ಎಂದು ಹೆಸರಿಟ್ಟ.

ನಮ್ಮಲ್ಲಿ ಇದು ಹರಡಿದ ರೀತಿಯನ್ನು ನಾನೇ ಹಿಂಬಾಲಿಸಿ ನೋಡಿದ್ದೇನೆ. ಹೂ ಉದುರಿದ ಮೇಲೆ ರೆಕ್ಕೆಯಂಥ ಅಂಚುಗಳಿರುವ ಪುಷ್ಪಪಾತ್ರೆ ಕಾಯಿಯನ್ನು ಮುಚ್ಚಿಕೊಂಡಿರುತ್ತದೆ. ಅದು ಒಣಗಿ ಕಂದಾದಾಗ ಬಾಯಿ ಬಿಡುತ್ತದೆ. ಮಳೆಹನಿ ಬಿದ್ದರೆ ಬೀಜ ಸಿಡಿಯುತ್ತದೆ, ಅಂಗಳದ ನೀರಿನೊಡನೆ ಕಣಿಗೆ ಇಳಿಯುತ್ತದೆ. ಎರಡನೇ ವರ್ಷ ಅಡಕೆ ತೋಟದ ಕಣಿಯ ಅಂಚಿನಲ್ಲಿ ಕಂಡಿತು, ಮೂರನೇ ವರ್ಷ ನೀರಿಗಾಗಿ ಗುಡ್ಡಕ್ಕೆ ಕೊರೆದ ಸುರಂಗದ ಬಾಯಿಯ ಹಾವಸೆಯಲ್ಲಿ. ಸುರಂಗ ಇರುವುದು ಅಂಗಳಕ್ಕಿಂತ ಮೇಲೆ, ಹರಿಯುವ ನೀರು ಅಲ್ಲಿಗೆ ಹತ್ತುವುದಿಲ್ಲ. ನನ್ನ ಚಪ್ಪಲಿಗೆ ಮೆತ್ತಿದ ಮಣ್ಣಿನಲ್ಲೇ ಬೀಜ ಹೋಗಿರಬೇಕು. ಅತ್ತಿಗೆಯ ಮನೆಗೂ ಇದು ಬಂದದ್ದು ದಾಸವಾಳದ ಕುಂಡದ ಮಣ್ಣಿನೊಟ್ಟಿಗೆ. ಬೇಸಿಗೆಯಲ್ಲಿ ಅಂಗಳದ್ದೆಲ್ಲ ಒಣಗಿದರೂ ಸುರಂಗದ ತಂಪಿನ ಗಿಡಗಳು ಉಳಿಯುತ್ತವೆ. ಬೀಜ ಕೈತಪ್ಪಿದ ವರ್ಷ ಅಲ್ಲಿಂದ ನಾಲ್ಕು ಇಂಚಿನ ತುದಿಗಳನ್ನು ತಂದು ನೆಟ್ಟೆ, ಗೆಣ್ಣುಗಳಲ್ಲಿ ಸುಲಭವಾಗಿ ಬೇರು ಬಂತು.

ಒಂದು ಓಣಂ ಸಮಯದಲ್ಲಿ ನೆರೆಮನೆಯ ಹುಡುಗಿ ಶಾಲೆಯ ಪೂಕಳಕ್ಕೆಂದು (ಹೂವಿನ ರಂಗೋಲಿಗೆಂದು) ಇದನ್ನು ಬುಟ್ಟಿ ತುಂಬ ಕೊಯ್ದಳು. "ಅಕ್ಕಾ, ಇದು ಕಾಕ್ಕಪ್ಪೂ ಅಲ್ವಾ?" ಎಂದು ಕೇಳಿದಳು. ಮಲಯಾಳದಲ್ಲಿ ಇದನ್ನೂ ಹಾಗೆ ಕರೆಯುವವರಿದ್ದಾರೆ. ಆದರೆ ಮಳೆಗಾಲ ಇಳಿಯುವಾಗ ಮುರಕಲ್ಲಿನ ಪದವನ್ನು, ಅಂದರೆ ಗುಡ್ಡದ ಮೇಲಿನ ಬಯಲನ್ನು, ನೀಲಿ ಮಾಡುವ ಕಾಕ್ಕಪ್ಪೂ ಬೇರೆ. ಅದು ಯುಟ್ರಿಕುಲೇರಿಯಾ, ಒದ್ದೆ ಮಣ್ಣಿನೊಳಗಿನ ಪುಟ್ಟ ಚೀಲಗಳಲ್ಲಿ ಸೂಕ್ಷ್ಮಜೀವಿಗಳನ್ನು ಹಿಡಿದು ತಿನ್ನುವ ನಮ್ಮ ನೆಲದ ಗಿಡ. ಅವಳನ್ನು ಪದವಿಗೆ ಕರೆದುಕೊಂಡು ಹೋಗಿ ಎರಡನ್ನೂ ಅಂಗೈಯಲ್ಲಿಟ್ಟು ತೋರಿಸಿದೆ. ಇದಕ್ಕೆ ಅಗಲವಾದ ಹಲ್ಲಿನ ಎಲೆ, ಅದಕ್ಕೆ ನೂಲಿನಂಥ ಬರಿಯ ದಂಟು, ಹೂವಿನ ಹಿಂದೆ ಒಂದು ಕೊಂಬು.

ಪದವಿನ ಆ ತೆಳು ಮಣ್ಣಿನಲ್ಲಿ ಹೊರಗಿನ ಗಿಡ ಬೇರೂರುವುದು ನನಗೆ ಬೇಡ. ಅದಕ್ಕೇ ನಮ್ಮ ಜಾಗದ ಮೇಲಂಚಿನಲ್ಲಿ, ಪದವಿಗೆ ಹೋಗುವ ಕಾಲುದಾರಿಯುದ್ದಕ್ಕೂ ಆಟಿಯ ಮುಂದಿನ ಸೋಣ ತಿಂಗಳಲ್ಲಿ ವಾರಕ್ಕೊಮ್ಮೆ ನಡೆದು, ಕಾಯಿ ಒಣಗುವ ಮೊದಲೇ ಕೀಳುತ್ತೇನೆ. ಆ ದಾರಿ ಹತ್ತುವಾಗ ಚಪ್ಪಲಿ ತೊಳೆದುಕೊಂಡೇ ಹೋಗುತ್ತೇನೆ. ಈ ಸಲ ದಣಪೆಯ (ಬೇಲಿಯ ಬಾಗಿಲಿನ) ಆಚೆ ಸಿಕ್ಕಿದ್ದು ಮೂರೇ ಗಿಡ. ಮೂರರಲ್ಲೂ ಹೂವಿತ್ತು, ಬೇರು ಸಮೇತ ಎಬ್ಬಿಸಿ ತಂದು ಕುಂಡದಲ್ಲಿ ನೆಟ್ಟಿದ್ದೇನೆ.