ನಕ್ಷೆಯಲ್ಲಿ ಮಾಯವಾದ ಹಳ್ಳ: ಒಂದು ತಕರಾರು ಅರ್ಜಿಯ ಅನುಭವ

ಚಿತ್ರದುರ್ಗದಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಝೆರಾಕ್ಸ್ ಅನ್ನೋದು ಬೋರ್ಡಿಗೆ ಮಾತ್ರ. ಹೊಟ್ಟೆ ತುಂಬಿಸುವುದು ಅರ್ಜಿ ಟೈಪಿಂಗ್. ಪೌತಿ ಖಾತೆ, ಪೋಡಿ, ಪಹಣಿ ತಿದ್ದುಪಡಿ, ದಾರಿ ತಕರಾರು ಅಂತ ಹದಿನೆಂಟು ವರ್ಷದಿಂದ ಬೇರೆಯವರ ಜಗಳಗಳನ್ನು ಟೈಪ್ ಮಾಡುತ್ತಾ ಬಂದಿದ್ದೇನೆ. ಆದರೆ ನಮ್ಮೂರಿನದೇ ಜಗಳ ಬಂದಾಗ ಮೊದಲ ಅರ್ಜಿಯಲ್ಲೇ ಮುಗ್ಗರಿಸಿದೆ.

ನಮ್ಮೂರು ರಾಷ್ಟ್ರೀಯ ಹೆದ್ದಾರಿ 48ರಿಂದ ನಾಲ್ಕು ಕಿಲೋಮೀಟರ್ ಒಳಗೆ. ಶೇಂಗಾ, ಮೆಕ್ಕೆಜೋಳ, ನೀರಿದ್ದವರಿಗೆ ಒಂದಿಷ್ಟು ಅಡಿಕೆ. ಊರಿನ ಮೇಲುಗಡೆ ಇದ್ದ 6 ಎಕರೆ 12 ಗುಂಟೆ ಹೊಲ ಮಾರಾಟವಾಯಿತು. 2020ರಲ್ಲಿ ಭೂಸುಧಾರಣಾ ಕಾಯ್ದೆಯಿಂದ 79ಎ, 79ಬಿ ತೆಗೆದ ಮೇಲೆ ಬೇಸಾಯಗಾರರಲ್ಲದವರೂ ಹೊಲ ಕೊಳ್ಳಬಹುದು. ಹಾಗಾಗಿ ಕೊಂಡವರು ಯಾರು ಅಂತ ನಾವು ಜಾಸ್ತಿ ತಲೆ ಕೆಡಿಸಿಕೊಳ್ಳಲಿಲ್ಲ. ಒಂದು ಬೆಳಿಗ್ಗೆ ಬದುವಿನ ಮೇಲೆ ಫ್ಲೆಕ್ಸ್ ನಿಂತಿತ್ತು. ಮೂವತ್ತು ನಲವತ್ತರ 120 ಸೈಟು. ಜೊತೆಗೆ ಈಜುಕೊಳದ ಚಿತ್ರ. ನಮ್ಮೂರಲ್ಲಿ ಬೋರು 700 ಅಡಿ ಇಳಿದರೂ ಬರೀ ಧೂಳು ಏಳುತ್ತದೆ, ಇವರದು ಈಜುಕೊಳ!

ಅವತ್ತು ರಾತ್ರಿ ಆಂಜನೇಯನ ಗುಡಿ ಕಟ್ಟೆ ಮೇಲೆ ಜನ ಸೇರಿದರು. ಹೇಗೂ ನೀನು ಟೈಪ್ ಮಾಡ್ತೀಯಲ್ಲಪ್ಪ, ಬರಿ ಅಂದರು. ಬರೆದೆ. ನಾಲ್ಕು ಪುಟ. ಹಸಿರು ಹಾಳಾಗುತ್ತದೆ, ನಮ್ಮ ಸಂಸ್ಕೃತಿ ಹಾಳಾಗುತ್ತದೆ, ಹೊರಗಿನವರು ಬಂದು ತುಂಬಿಕೊಳ್ಳುತ್ತಾರೆ, ಹೆಣ್ಣುಮಕ್ಕಳು ಓಡಾಡುವುದು ಕಷ್ಟ. ಯಾರು ಏನು ಹೇಳಿದರೋ ಅದನ್ನೆಲ್ಲ ತುಂಬಿದೆ. ಕೆಳಗೆ 80 ರುಜು.

ಅರ್ಜಿ ತೆಗೆದುಕೊಂಡ ಅಧಿಕಾರಿ ಮೊದಲ ಪುಟ ಓದಲೇ ಇಲ್ಲ. ಸೀದಾ ಕೊನೆಯ ಪುಟಕ್ಕೆ ಹೋಗಿ ರುಜುಗಳ ಮೇಲೆ ಬೆರಳಾಡಿಸಿದರು. "ಇವುಗಳಲ್ಲಿ ಇಪ್ಪತ್ತು ಒಂದೇ ಕೈಬರಹ ಅಲ್ವೇನ್ರೀ?" ಅಂದರು. ನಿಜವೇ. ನಮ್ಮ ಹುಡುಗನೊಬ್ಬ ಮನೆಮನೆಗೆ ಹೋಗಲು ಬೇಜಾರಾಗಿ ಒಂದು ಇಡೀ ಓಣಿಯ ರುಜು ತಾನೇ ಹಾಕಿಬಿಟ್ಟಿದ್ದ. ಅದೇ ನೀಲಿ ಪೆನ್ನು, ಅದೇ ಓರೆ. ಸಂಗಪ್ಪನೂ ಸಿದ್ದಮ್ಮನೂ ಅಕ್ಕಪಕ್ಕ ಕೂತು ಬರೆದ ಹಾಗಿತ್ತು. ನಾನು ಸುಮ್ನೆ ತಲೆ ತಗ್ಗಿಸಿ ಬಂದೆ. ಉಳಿದ 60 ನಿಜವಾದ ರುಜುಗಳ ಬೆಲೆಯೂ ಹೋಯಿತು.

"ಹೊರಗಿನವರು" ಎಂಬ ಮಾತೂ ನನಗೆ ಆಮೇಲೆ ಚುಚ್ಚಿತು. ನನ್ನ ಮಗಳು ದಾವಣಗೆರೆಯಲ್ಲಿ ಮನೆ ಕಟ್ಟಿದ್ದು ಇಂಥದೇ ಒಂದು ಲೇಔಟಿನಲ್ಲಿ. ಅಲ್ಲಿನವರಿಗೆ ಅವಳೂ ಹೊರಗಿನವಳೇ. ಇನ್ನು ಹೊಲ ಮಾರಿದವರು ಬೇರೆ ಯಾರೋ ಅಲ್ಲ, ನಮ್ಮ ದೊಡ್ಡಪ್ಪನ ಮಗ. ಎರಡು ಬೋರು ಫೇಲಾಗಿ, ಸಾಲದ ಬಡ್ಡಿ ಕಟ್ಟಲಾಗದೆ ಮಾರಿದ್ದ. ಮಾರಬೇಡ ಅನ್ನುವುದಕ್ಕೆ ನಾವು ಯಾರು? ಎರಡನೇ ಅರ್ಜಿಯಿಂದ ಆ ಮಾತನ್ನೂ ಸಂಸ್ಕೃತಿಯನ್ನೂ ತೆಗೆದುಹಾಕಿದೆ. ಕಟ್ಟೆಯಲ್ಲಿ ಇದಕ್ಕೇ ಒಂದು ಗಲಾಟೆ ಆಯಿತು, ಅದು ಬಿಡಿ.

ಉಳಿದದ್ದು ಮೂರೇ ವಿಷಯ. ಹಳ್ಳ, ದಾರಿ, ಕುಡಿಯುವ ನೀರು.

ಹಳ್ಳದ ವಿಷಯ ಎತ್ತಿದ್ದು ಓಣಿಯ ಅಜ್ಜರೊಬ್ಬರು. ಆ ಹೊಲದ ನಡುವೆ ಹಳ್ಳ ಹಾಯುತ್ತದೆ, ಅದೇ ನೀರು ಕೆರೆಗೆ ಬರಬೇಕು ಅಂದರು. ಹೋಗಿ ನೋಡಿದರೆ ಬೇಸಿಗೆಯಲ್ಲಿ ಏನೂ ಕಾಣುವುದಿಲ್ಲ. ಸ್ವಲ್ಪ ತಗ್ಗು, ಎರಡು ಜಾಲಿ ಗಿಡ, ಅಷ್ಟೇ. ನೆಲ ನೋಡಿ ವಾದ ಮಾಡಲು ಆಗಲ್ಲ ಅಂತ ಗೊತ್ತಾಯಿತು. ಕಂದಾಯ ಇಲಾಖೆಯ ಜಾಲತಾಣದಲ್ಲಿ ಊರಿನ ನಕ್ಷೆ ಪುಕ್ಕಟೆ ಸಿಗುತ್ತದೆ. ಇಳಿಸಿಕೊಂಡು ಎ3 ಹಾಳೆಯಲ್ಲಿ ಪ್ರಿಂಟ್ ಹಾಕಿದೆ. ಅಜ್ಜರು ಹೇಳಿದ ಜಾಗದಲ್ಲೇ ಎರಡು ಗೆರೆ ಜೋಡಿಯಾಗಿ ಬಳುಕುತ್ತಾ ಕೆರೆಯವರೆಗೆ ಇಳಿದಿದ್ದವು. ಪಕ್ಕದಲ್ಲಿ ಚುಕ್ಕೆ ಚುಕ್ಕೆಯ ಗೆರೆ, ಅದು ಬಂಡಿ ದಾರಿ. ಹಬ್ಬದಲ್ಲಿ ದೇವರನ್ನು ಗಂಗೆ ಪೂಜೆಗೆ ಕರೆದೊಯ್ಯುವುದು ಅದರಲ್ಲೇ. ನಿಂತ ಜಾಗದ ಸರ್ವೆ ನಂಬರ್ ತೋರಿಸುವ ದಿಶಾಂಕ್ ಆ್ಯಪ್ ಹಿಡಿದುಕೊಂಡು ಆ ತಗ್ಗಿನಲ್ಲಿ ನಿಂತೆ. ಸರ್ವೆ ನಂಬರ್ ಅದೇ ತೋರಿಸಿತು.

ಆಮೇಲೆ ಪಹಣಿ. ಇಷ್ಟು ವರ್ಷ ಸಾವಿರಾರು ಪಹಣಿ ಪ್ರಿಂಟ್ ಕೊಟ್ಟಿದ್ದೇನೆ, ಮೂರನೇ ಕಾಲಂ ಕಡೆ ಕಣ್ಣು ಹೋಗಿದ್ದು ಕಡಿಮೆ. ಎಲ್ಲರೂ ನೋಡುವುದು ಒಂಬತ್ತು, ಹನ್ನೊಂದು. ಹೆಸರು ಇದೆಯಾ, ಸಾಲ ಇದೆಯಾ. ಮೂರರಲ್ಲಿ ಒಟ್ಟು ವಿಸ್ತೀರ್ಣದ ಕೆಳಗೆ ಖರಾಬು ಅ, ಖರಾಬು ಬ ಅಂತ ಎರಡು ಸಾಲು ಇರುತ್ತವೆ. ಅ ಅಂದರೆ ಬಂಡೆ, ಕಲ್ಲು, ಬೇಸಾಯಕ್ಕೆ ಬಾರದ ನೆಲ. ಬ ಅಂದರೆ ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕರದು. ಮಾಲೀಕನ ಹೊಲದೊಳಗೆ ಇದ್ದರೂ ಮಾಲೀಕನದಲ್ಲ. 1966ರ ಭೂಕಂದಾಯ ನಿಯಮಗಳ 21(2)ರಲ್ಲಿ ಇದು ಇದೆ. ನಮ್ಮ ಸರ್ವೆ ನಂಬರಿನಲ್ಲಿ ಬ ಸಾಲಿನ ಮುಂದೆ 14 ಗುಂಟೆ ಅಂತ ಇತ್ತು. ಗುಂಟೆಗೆ 1,089 ಚದರಡಿ. 14ಕ್ಕೆ 15,246. ಮೂವತ್ತು ನಲವತ್ತರ ಲೆಕ್ಕದಲ್ಲಿ ಹನ್ನೆರಡೂವರೆಗಿಂತ ಜಾಸ್ತಿ ಸೈಟು. ಕ್ಯಾಲ್ಕುಲೇಟರ್ ಮೇಲೆ ಬೆರಳಿಟ್ಟು ಕೂತಾಗ ನಿಜವಾಗಲೂ ಮೈ ಜುಂ ಅಂದಿತು.

ಈಗ ಅವರು ಕೊಟ್ಟ ಪ್ಲಾನಿನಲ್ಲಿ ಏನಿದೆ ಅಂತ ನೋಡಬೇಕಿತ್ತು. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. 10 ರೂಪಾಯಿ ಪೋಸ್ಟಲ್ ಆರ್ಡರ್. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಇರಬೇಕು. ಗೊತ್ತಿಲ್ಲದೆ ಉದ್ದ ಬರೆದು ವಾಪಸ್ ಬಂದ ಅರ್ಜಿಗಳನ್ನು ನನ್ನ ಅಂಗಡಿಯಲ್ಲೇ ಬೇಕಾದಷ್ಟು ನೋಡಿದ್ದೇನೆ. ಇಂಥ ಸರ್ವೆ ನಂಬರಿನ ಭೂ ಪರಿವರ್ತನೆ ಕಡತದ ನಕಲು ಮತ್ತು ಲೇಔಟ್ ನಕ್ಷೆ ಕೊಡಿ ಅಂತ ಎರಡೇ ವಾಕ್ಯ. ಕಾಯ್ದೆ ಪ್ರಕಾರ 30 ದಿನ. ಇಪ್ಪತ್ತೆಂಟನೇ ದಿನ ಬಂತು.

ಅಜ್ಜರಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಪ್ಲಾನಿನಲ್ಲಿ ಮೇಲಿನ ಹೊಲದಿಂದ ಹಳ್ಳ ಬರುತ್ತದೆ, ಈ ಹೊಲದ ಬದುವಿಗೆ ಬಂದು ನಿಂತುಬಿಡುತ್ತದೆ. ಆಚೆ ಬದುವಿನಿಂದ ಮತ್ತೆ ಹುಟ್ಟಿಕೊಂಡು ಕೆರೆಗೆ ಹೋಗುತ್ತದೆ. ನಡುವೆ ಸೈಟು ನಂಬರ್ 41ರಿಂದ 56. "ಅಲ್ಲ ಕಣಪ್ಪ, ಈ ನೀರು ಇಲ್ಲಿಂದ ಅಲ್ಲಿಗೆ ಜಿಗಿದು ಹೋಗುತ್ತೇನೋ?" ಅಂದರು.

ಆ ಮಾತನ್ನೇ ಸ್ವಲ್ಪ ಕಚೇರಿ ಭಾಷೆಗೆ ತಿರುಗಿಸಿ ಎರಡನೇ ಅರ್ಜಿಯ ಮೊದಲ ಅಂಶ ಮಾಡಿದೆ. ಊರ ನಕ್ಷೆ ಒಂದು ಕಡೆ, ಅವರ ಪ್ಲಾನು ಇನ್ನೊಂದು ಕಡೆ, ಎರಡನ್ನೂ ಒಂದೇ ಹಾಳೆಯಲ್ಲಿ ಝೆರಾಕ್ಸ್ ಮಾಡಿ, ಹಳ್ಳ ಕಾಣೆಯಾದ ಜಾಗಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದೆ. ಜೊತೆಗೆ ಒಂದು ಫೋಟೋ. 2022ರ ಮಳೆ ನೆನಪಿದೆಯಲ್ಲ, 1933ರ ನಂತರ ಮೊದಲ ಸಲ ವಾಣಿ ವಿಲಾಸ ಸಾಗರ ಕೋಡಿ ಬಿದ್ದ ವರ್ಷ. ಆಗ ಹುಡುಗರು ಆ ಹೊಲದ ಹತ್ತಿರ ಬೈಕು ನಿಲ್ಲಿಸಿ ಸೆಲ್ಫಿ ತೆಗೆದಿದ್ದರು. ಹಿಂದೆ ಕೆಂಪು ನೀರು, ಬೈಕಿನ ಚಕ್ರ ಅರ್ಧ ಮುಳುಗಿದೆ. ಫೋನಿನಲ್ಲಿ ತಾರೀಖು ಸಮೇತ ಉಳಿದಿತ್ತು. ರುಜು ಫೋರ್ಜರಿ ಮಾಡಿದವನೇ ಆ ಫೋಟೋ ಹುಡುಕಿಕೊಟ್ಟಿದ್ದು. ಅವನ ಪಾಪ ಅಲ್ಲಿಗೆ ಕಳೆಯಿತು ಅಂದುಕೊಂಡೆ.

ಕುಡಿಯುವ ನೀರಿಗೆ ಬರೀ ಒಂದು ಲೆಕ್ಕ. 120 ಮನೆ, ಮನೆಗೆ ನಾಲ್ಕು ಜನ, ಜಲ ಜೀವನ್ ಮಿಷನ್ ಪ್ರಕಾರ ತಲೆಗೆ ದಿನಕ್ಕೆ 55 ಲೀಟರ್. ಒಟ್ಟು 26,400. ಊರಿನ ಓವರ್‌ಹೆಡ್ ಟ್ಯಾಂಕು 50,000 ಲೀಟರಿನದು, ಅದೂ ಬೇಸಿಗೆಯಲ್ಲಿ ದಿನ ಬಿಟ್ಟು ದಿನ ತುಂಬುತ್ತದೆ. ಇಷ್ಟೇ ಬರೆದೆ. ಅಯ್ಯೋ ಅಮ್ಮಾ ಅಂತ ಏನೂ ಸೇರಿಸಲಿಲ್ಲ.

ಎಲ್ಲ ಸೇರಿ ಒಂದು ಪುಟ, ಆರು ಲಗತ್ತು. ರುಜು 34 ಮಾತ್ರ, ಎಲ್ಲ ಅವರವರದೇ, ಹೆಬ್ಬೆಟ್ಟಿನ ಪಕ್ಕ ಗುರುತಿಸಿದವರ ಹೆಸರು. ಜಿಲ್ಲಾಧಿಕಾರಿ, ತಹಶೀಲ್ದಾರ್, ಲೇಔಟ್ ಮಂಜೂರು ಮಾಡುವ ಪ್ರಾಧಿಕಾರ, ಪಂಚಾಯ್ತಿ ಎಲ್ಲದಕ್ಕೂ ಕೊಟ್ಟು ಪ್ರತಿಯೊಂದರ ನಕಲಿನ ಮೇಲೂ ಸೀಲು ಹಾಕಿಸಿಕೊಂಡೆ. ಸೀಲಿಲ್ಲದ ಅರ್ಜಿ ಕೊಟ್ಟರೂ ಒಂದೇ, ಬಿಟ್ಟರೂ ಒಂದೇ. ಗ್ರಾಮಸಭೆಯಲ್ಲೂ ವಿಷಯ ಎತ್ತಿದೆವು. ಮಾತಾಡಿ ಎದ್ದು ಬರಲಿಲ್ಲ. ನಡಾವಳಿ ಪುಸ್ತಕದಲ್ಲಿ ಬರೆದು, ಓದಿ ಹೇಳಿಸಿಕೊಂಡ ಮೇಲೇ ಶಾಮಿಯಾನ ಬಿಚ್ಚಲು ಬಿಟ್ಟಿದ್ದು.

ಎರಡು ತಿಂಗಳು ಬಿಟ್ಟು ಸ್ಥಳ ಪರಿಶೀಲನೆಗೆ ಬಂದರು. ಸರ್ವೆಯರ್ ಗಡಿ ಗುರುತಿನ ಬಾಂದು ಕಲ್ಲು ಹುಡುಕುತ್ತಾ ಮಧ್ಯಾಹ್ನದವರೆಗೆ ಓಡಾಡಿದರು. ಒಂದು ಕಲ್ಲು ಜಾಲಿ ಬುಡದಲ್ಲಿ ಮಣ್ಣಿನೊಳಗೆ ಸಿಕ್ಕಿತು. ಅಜ್ಜರು ಕೊಡೆ ಹಿಡಿದು ಜೊತೆಗೇ ನಡೆದರು. ಮಹಜರಿನಲ್ಲಿ ಹಳ್ಳ ಅಂತ ಬರೆದದ್ದನ್ನು ಕಣ್ಣಾರೆ ನೋಡಿದ ಮೇಲೆ ಮಂಡಕ್ಕಿ ಮೆಣಸಿನಕಾಯಿ ತರಿಸಿದೆವು, ಅಧಿಕಾರಿಗಳಿಗಲ್ಲ, ನಮಗೆ.

ಲೇಔಟ್ ನಿಲ್ಲಲಿಲ್ಲ. ನಿಲ್ಲಿಸಿ ಅಂತ ಎರಡನೇ ಅರ್ಜಿಯಲ್ಲಿ ನಾವು ಕೇಳಿಯೂ ಇರಲಿಲ್ಲ, ಕಟ್ಟೆಯಲ್ಲಿ ಕೆಲವರು ಈಗಲೂ ನನ್ನನ್ನು ಅದಕ್ಕೇ ಬೈಯುತ್ತಾರೆ. ಪ್ಲಾನು ಬದಲಾಗಿ 104 ಸೈಟಿಗೆ ಇಳಿಯಿತು. ಹಳ್ಳವೂ ಬಂಡಿ ದಾರಿಯೂ ಗೆರೆಯಲ್ಲಿ ವಾಪಸ್ ಬಂದವು. ನೀರಿಗೆ ಅವರದೇ ಬೋರು ಅಂತ ಬರೆದುಕೊಟ್ಟಿದ್ದಾರೆ. ಅದರಲ್ಲಿ ಎಷ್ಟು ದಿನ ನೀರು ಇರುತ್ತದೆ ಅನ್ನುವುದು ಬೇರೆ ಮಾತು. ಈಜುಕೊಳ ಫ್ಲೆಕ್ಸಿನಲ್ಲೇ ಉಳಿಯಿತು.

ಹೋದ ತಿಂಗಳು ದೊಡ್ಡಪ್ಪನ ಮಗ ಅಂಗಡಿಗೆ ಬಂದ. ಒಂದು ವರ್ಷ ಮಾತಿರಲಿಲ್ಲ. ಹೊಲ ಕೊಂಡವರು ಬಾಕಿ ದುಡ್ಡಿನಲ್ಲಿ 14 ಗುಂಟೆಯದು ಹಿಡಿದುಕೊಂಡಿದ್ದಾರಂತೆ, ಒಂದು ಅರ್ಜಿ ಟೈಪ್ ಮಾಡಿಕೊಡು ಅಂದ. ಟೈಪ್ ಮಾಡಿ ಪ್ರಿಂಟ್ ಕೈಗಿಟ್ಟೆ. ಐವತ್ತು ರೂಪಾಯಿ ತೆಗೆದು ಟೇಬಲ್ ಮೇಲಿಟ್ಟ. ಬೇಡ ಅನ್ನಲಾ ಅಂತ ಒಂದು ಕ್ಷಣ ಅನ್ನಿಸಿತು. ಚಿಲ್ಲರೆ ಇಪ್ಪತ್ತು ವಾಪಸ್ ಕೊಟ್ಟೆ.