ಕಸವೆಂದು ಎಸೆಯುತ್ತಿದ್ದ ಫೋಟಾನ್‌ಗಳನ್ನು ಮತ್ತೆ ಆರಿಸಿಕೊಂಡಾಗ

ದೇಹಕ್ಕೆ ಕೊಟ್ಟ ವಿಕಿರಣ ವಸ್ತು ಎಲ್ಲೆಲ್ಲಿ ಸೇರಿದೆ ಅಂತ ತೋರಿಸುವ ಪೆಟ್ ಸ್ಕ್ಯಾನ್‌ನ ಡೇಟಾದಿಂದ ಚಿತ್ರ ಕಟ್ಟುವ ಕೆಲಸಕ್ಕೆ ಬಂದಾಗ ನನಗೆ ಹೇಳಿಕೊಟ್ಟ ಮೊದಲ ಪಾಠ: ಚದುರಿದ ಫೋಟಾನ್ (ಬೆಳಕಿನ ಕಣ) ಅಂದರೆ ಕಸ. ಆ ವಸ್ತುವಿನಿಂದ ಹೊಮ್ಮಿದ ಪಾಸಿಟ್ರಾನ್ (ಎಲೆಕ್ಟ್ರಾನ್‌ನ ಧನಾವೇಶದ ಜೋಡಿ) ಒಂದು ಎಲೆಕ್ಟ್ರಾನ್ ಜೊತೆ ಸೇರಿ ಇಲ್ಲವಾದಾಗ 511 ಕೆಇವಿ (ಕಿಲೋ ಎಲೆಕ್ಟ್ರಾನ್‌ವೋಲ್ಟ್, ಕಣಗಳ ಶಕ್ತಿಯ ಅಳತೆ) ಶಕ್ತಿಯ ಎರಡು ಫೋಟಾನ್‌ಗಳು ಎದುರುಬದುರು ದಿಕ್ಕಿಗೆ ಹೊರಡುತ್ತವೆ. ಎರಡು ಡಿಟೆಕ್ಟರ್‌ಗಳು ಅವನ್ನು ಒಟ್ಟಿಗೆ ಹಿಡಿದರೆ, ನಡುವಿನ ಗೆರೆಯ ಮೇಲೆ ಎಲ್ಲೋ ಮೂಲ ಇದೆ. ದಾರಿಯಲ್ಲಿ ಒಂದು ಫೋಟಾನ್ ಬಡಿದು ತಿರುಗಿತೋ, ಆ ಗೆರೆ ಸುಳ್ಳಾಯಿತು. ಬಡಿದ ಫೋಟಾನ್ ಒಂದಿಷ್ಟು ಶಕ್ತಿಯನ್ನೂ ಕಳೆದುಕೊಳ್ಳುತ್ತದೆ. ಹಾಗಾಗಿ 435 ಕೆಇವಿಗಿಂತ ಕಡಿಮೆ ಇದ್ದದ್ದನ್ನೆಲ್ಲ ಬಿಸಾಕುತ್ತಿದ್ದೆ. ನುಸುಳಿ ಬಂದದ್ದಕ್ಕೆ ಒಂದು ಅಂದಾಜು ಹಾಕಿ ಸರಿಪಡಿಸುತ್ತಿದ್ದೆ.

ಆದರೆ ನೀರಿನಲ್ಲಿ ಸುಮಾರು 7 ಸೆಂ.ಮೀ. ಸಾಗುವಷ್ಟರಲ್ಲಿ ಈ ಫೋಟಾನ್‌ಗಳಲ್ಲಿ ಅರ್ಧದಷ್ಟು ದಾರಿ ತಪ್ಪಿರುತ್ತವೆ. 30 ಸೆಂ.ಮೀ. ದಪ್ಪದ ದೇಹವಾದರೆ ಎರಡೂ ನೇರವಾಗಿ ಹೊರಬರುವ ಜೋಡಿಗಳು ನೂರಕ್ಕೆ ಆರೂ ಇಲ್ಲ. ಉಳಿದದ್ದನ್ನು ಸುಮ್ನೆ ಎಸೆಯೋದು ನನಗೆ ಸರಿ ಅನ್ನಿಸಲಿಲ್ಲ.

ಭೌತವಿಜ್ಞಾನಿ ಕಾಂಪ್ಟನ್ 1923ರಲ್ಲೇ ಲೆಕ್ಕ ಕೊಟ್ಟಿದ್ದಾರೆ: ಎಷ್ಟು ತಿರುಗಿತು ಅನ್ನೋದು ಉಳಿದ ಶಕ್ತಿಯಿಂದ ಗೊತ್ತಾಗುತ್ತದೆ. 30 ಡಿಗ್ರಿ ತಿರುಗಿದರೆ 451 ಕೆಇವಿ, 60 ಡಿಗ್ರಿಗೆ 341. ಇನ್ನು ಹೈಸ್ಕೂಲಿನ ರೇಖಾಗಣಿತ ನೆನಪಿದೆ ಅಲ್ವಾ, ಒಂದೇ ವೃತ್ತಖಂಡದಲ್ಲಿನ ಕೋನಗಳು ಸಮ? ತಿರುಗಿದ ಕೋನ ಗೊತ್ತಿದ್ದರೆ, ತಿರುಗಿದ ಜಾಗ ಎರಡು ಡಿಟೆಕ್ಟರ್‌ಗಳನ್ನು ಸೇರಿಸುವ ಒಂದು ಕಂಸದ ಮೇಲೇ ಇರಬೇಕು. ಗೆರೆಯ ಆ ಕಡೆ ಒಂದು, ಈ ಕಡೆ ಒಂದು ಕಂಸ. ಮೂಲ ಅವೆರಡರ ನಡುವೆ. ಇದನ್ನು ಕಾಗದದ ಮೇಲೆ ಬರೆದ ದಿನ ನನಗೆ ನಿದ್ದೆ ಬರಲಿಲ್ಲ.

ಸಿಮ್ಯುಲೇಶನ್‌ನಲ್ಲಿ ಚಿತ್ರ ಅದ್ಭುತವಾಗಿ ಬಂತು. ಬರದೆ ಏನು, ಶಕ್ತಿಯನ್ನು ಕರಾರುವಾಕ್ಕಾಗಿ ಅಳೆಯುವ ಡಿಟೆಕ್ಟರ್ ಕೊಟ್ಟಿದ್ದೆನಲ್ಲ! ಸುಮಾರು 12 ಪರ್ಸೆಂಟ್ ಮಸುಕು ಸೇರಿಸಿದ ಕೂಡಲೇ 450 ಅಂತ ಓದಿದ್ದು 420ರಿಂದ 480ರವರೆಗೆ ಏನು ಬೇಕಾದರೂ ಆಗಬಹುದಾಯಿತು. ಅಂದರೆ ಕೋನ 21 ಡಿಗ್ರಿಯೂ ಇರಬಹುದು, 38ಊ ಇರಬಹುದು. ತೆಳ್ಳಗಿನ ಕಂಸ ದಪ್ಪ ಪಟ್ಟಿಯಾಯಿತು. ಇದಕ್ಕೆ ದೇಹದ ಆಕಾರ ತೋರಿಸುವ ಸಿಟಿ ಸ್ಕ್ಯಾನ್ ಚಿತ್ರ ಸ್ವಲ್ಪ ಕೈಹಿಡಿಯಿತು. ಗಾಳಿಯಲ್ಲಿ ಫೋಟಾನ್ ಚದುರುವುದಿಲ್ಲವೆಂದೇ ಹೇಳಬಹುದು, ಹಾಗಾಗಿ ಪಟ್ಟಿಯಲ್ಲಿ ದೇಹದಿಂದ ಆಚೆ ಬಿದ್ದ ಭಾಗವನ್ನು ಅಳಿಸಿಬಿಟ್ಟೆ.

ನಿಜವಾದ ಪೆಟ್ಟು ಬಿದ್ದದ್ದು ಬೇರೆ ಕಡೆ. ನಿಜವಾದ ಫ್ಯಾಂಟಮ್ (ರೋಗಿಯ ಬದಲು ಸ್ಕ್ಯಾನ್ ಮಾಡುವ ಪರೀಕ್ಷಾ ಮಾದರಿ) ಡೇಟಾ ಹಾಕಿದಾಗ ಅಂಚುಗಳ ಸುತ್ತ ಮಂಜು ಕವಿದಂತಾಯಿತು. ಎರಡು ವಾರ ಕೋಡ್‌ನಲ್ಲಿ ತಪ್ಪು ಹುಡುಕಿದೆ. ತಪ್ಪು ಕೋಡ್‌ನಲ್ಲಿರಲಿಲ್ಲ. ನೇರವಾಗಿ ಬಂದ 511ರ ಫೋಟಾನ್ ಕೂಡ ಡಿಟೆಕ್ಟರ್‌ನ ಕ್ರಿಸ್ಟಲ್‌ನಲ್ಲಿ ಒಂದಿಷ್ಟು ಶಕ್ತಿ ಬಿಟ್ಟು ಉಳಿದದ್ದನ್ನು ಹೊತ್ತು ಹೊರಗೆ ಹಾರಿಹೋಗಬಹುದು. ಓದಿದ ಸಂಖ್ಯೆ ಮಾತ್ರ ದೇಹದಲ್ಲಿ ಚದುರಿದ ಫೋಟಾನ್‌ನದ್ದರಂತೆಯೇ ಇರುತ್ತದೆ. ಇಂಥವನ್ನೆಲ್ಲ ನಾನು ಕಂಸಗಳ ನಡುವೆ ಹರಡುತ್ತಾ ಕೂತಿದ್ದೆ.

ಒಂದೇ ಸಲ ಬಡಿದು ಹೊರಹೋದರೆ ಅದು ಬಿಟ್ಟುಹೋಗುವ ಶಕ್ತಿ 341 ಕೆಇವಿ ದಾಟುವುದಿಲ್ಲ. ಹಾಗಾಗಿ, ಚದುರಿದವನ್ನು ಹಿಡಿಯಲೆಂದು 435ರಿಂದ ತೀರಾ ಕೆಳಗಿಳಿಸಿದ್ದ ಕೆಳಮಿತಿಯನ್ನು, ಅಳತೆಯ ಮಸುಕಿಗೂ ಸ್ವಲ್ಪ ಜಾಗ ಬಿಟ್ಟು 380ಕ್ಕೆ ಏರಿಸಿದೆ. ಸುಮಾರು 50 ಡಿಗ್ರಿಗಿಂತ ಜಾಸ್ತಿ ತಿರುಗಿದವು ಕೈತಪ್ಪಿದವು. ಹೋಗಲಿ, ಸಿಕ್ಕಿದ್ದು ಶುದ್ಧವಾಗಿತ್ತು.

ಇನ್ನೊಂದು ಎಡವಟ್ಟನ್ನೂ ಹೇಳಿಬಿಡುತ್ತೇನೆ. ಹೊಸ ಜೋಡಿಗಳನ್ನು ಸೇರಿಸಿದೆ, ಸೆನ್ಸಿಟಿವಿಟಿ ಲೆಕ್ಕವನ್ನು (ಪ್ರತಿ ಜಾಗದಿಂದ ಹೊರಟ ಜೋಡಿಗಳಲ್ಲಿ ಎಷ್ಟು ಪಾಲು ಸಿಗಬೇಕು ಅನ್ನೋದು) ಹಳೆಯದೇ ಬಿಟ್ಟಿದ್ದೆ. ಚಿತ್ರದಲ್ಲಿ ಎಲ್ಲ ಸಂಖ್ಯೆಗಳೂ ಏರಿಬಿಟ್ಟವು. ಚಿತ್ರ ನೋಡಲು ಚೆನ್ನಾಗಿಯೇ ಇತ್ತು, ಅದೇ ಅಪಾಯ.

ಹಿಡಿದ ಜೋಡಿಗಳ ಎಣಿಕೆ ಕಡಿಮೆ ಇರುವ ಡೇಟಾದಲ್ಲಿ, ಅದರಲ್ಲೂ ಫ್ಯಾಂಟಮ್‌ನ ನಡುಭಾಗದಲ್ಲಿ, ಚಿತ್ರದ ಗದ್ದಲ (ಕಾಳುಕಾಳಾಗಿ ಕಾಣುವ ಏರಿಳಿತ) ಈಗ ಇಳಿದಿದೆ. ಫ್ಯಾಂಟಮ್ ಒಳಗಿನ ಸಣ್ಣ ಗೋಳಗಳು ಮೊದಲಿಗಿಂತ ಚೂಪಾಗಿಲ್ಲ. ಎಣಿಕೆ ಜಾಸ್ತಿ ಇದ್ದರೆ ಈ ಕಷ್ಟಕ್ಕೆ ಬೆಲೆಯಿಲ್ಲ. ಗೆರೆಯ ಬದಲು ಒಂದಿಡೀ ಪ್ರದೇಶವನ್ನು ಲೆಕ್ಕ ಹಾಕುತ್ತಾ ಕಂಪ್ಯೂಟರ್ ಏದುಸಿರು ಬಿಡುತ್ತದೆ. ಎರಡು ಮೂರು ಸಲ ಚದುರಿದವನ್ನಂತೂ ನಾನು ಈಗಲೂ ಹಳೇ ರೀತಿಯಲ್ಲೇ ಅಂದಾಜು ಮಾಡಿ ಹಿನ್ನೆಲೆಗೆ ಸೇರಿಸುತ್ತೇನೆ.